ಎಪ್ಪತ್ನಾಲ್ಕಕ್ಕೆ ನಿಂತ ಲೆಕ್ಕ

ಮೊಬೈಲಿಗೆ ತೂಕ ಇಳಿಸುವ ಆಪ್ ಹಾಕಿಕೊಂಡ ದಿನ ಮೊದಲ ಮೂರು ಪ್ರಶ್ನೆಗೆ ಸಲೀಸಾಗಿ ಉತ್ತರ ಕೊಟ್ಟೆ. ವಯಸ್ಸು 45. ಎತ್ತರ 168 ಸೆಂಟಿಮೀಟರ್. ತೂಕ 86.4 ಕೆಜಿ. ನಾಲ್ಕನೇ ಪ್ರಶ್ನೆ, ‘ನಿಮ್ಮ ಗುರಿ ತೂಕ ಎಷ್ಟು?’ ಬೆರಳು ಅಲ್ಲೇ ನಿಂತಿತು.

ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಲೆಕ್ಕ ಬರದ ಹುಡುಗ ಏನು ಮಾಡುತ್ತಾನೆ? ಎಲ್ಲೋ ನೋಡಿದ ಒಂದು ಸಂಖ್ಯೆ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಾನೆ. ನಾನೂ ಅದನ್ನೇ ಮಾಡಿದೆ. 62 ಅಂತ ಒತ್ತಿದೆ. ‘ಸೂಪರ್, ನಿಮ್ಮಿಂದ ಆಗುತ್ತೆ’ ಅಂತ ಹಸಿರು ಅಕ್ಷರ ಬಂತು. ಯಾಕೋ ಅನುಮಾನ ಬಂದು ಹಿಂದಕ್ಕೆ ಹೋಗಿ 45 ಹಾಕಿ ನೋಡಿದೆ. ಅದಕ್ಕೂ ಸೂಪರ್. 45 ಕೆಜಿಗೆ ನಮ್ಮ ಎಂಟನೇ ಕ್ಲಾಸಿನ ಹುಡುಗರು ಇರುತ್ತಾರೆ! ಏನು ಬರೆದರೂ ರೈಟ್ ಹಾಕುವ ಮೇಷ್ಟ್ರು ಇದು ಅಂತ ಅವತ್ತೇ ನನಗೆ ಹೊಳೆಯಬೇಕಿತ್ತು.

ಇದು 2022ರ ಆಗಸ್ಟ್ ತಿಂಗಳ ಮಾತು. ತಿಪಟೂರಿನಲ್ಲಿ ಒಂದು ಕ್ಯಾಂಪಿನಲ್ಲಿ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದೆ. ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ 6.1 ಬಂದಿತ್ತು. 5.7ರಿಂದ 6.4ರ ತನಕ ಗಡಿ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಬಿಪಿ 138/90. ಡಾಕ್ಟರು ಪೇಪರ್ ನೋಡಿ, ನನ್ನನ್ನೂ ಒಂದು ಸಲ ಮೇಲಿಂದ ಕೆಳಗೆ ನೋಡಿ, ‘ಮಾತ್ರೆ ಬೇಡ ಮೇಷ್ಟ್ರೇ, ಸದ್ಯಕ್ಕೆ ಒಂದು ಆರು ಕೆಜಿ ಇಳಿಸಿ’ ಅಂದರು. ಆರೇ ಆರು! ನನಗೆ ಒಂಥರಾ ಅವಮಾನವೇ ಆಯಿತು. ಓದುವ ಹುಡುಗನಿಗೆ ‘ಪಾಸಾದರೆ ಸಾಕು ಬಿಡಪ್ಪ’ ಅಂದ ಹಾಗೆ.

62 ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ. ಅದು ಅರಸೀಕೆರೆ ರೈಲ್ವೆ ಸ್ಟೇಷನ್ನಿನಿಂದ ಬಂದದ್ದು. ಹಳೇ ಸ್ಟೇಷನ್‌ಗಳಲ್ಲಿ ಆಳೆತ್ತರದ ತೂಕದ ಮಷೀನು ಇರುತ್ತಿತ್ತಲ್ಲ, ಅದರ ಮೇಲೆ ಹತ್ತಿದರೆ ಬಣ್ಣದ ಬಲ್ಬುಗಳು ಮಿಣಮಿಣ ಅಂದು ಒಳಗೆ ಚಕ್ರ ಗಿರಗಿರ ತಿರುಗುತ್ತಿತ್ತು. ಚಕ್ರ ನಿಂತ ಮೇಲೆ ನಾಣ್ಯ ಹಾಕಬೇಕು. ಟಪ್ ಅಂತ ರಟ್ಟಿನ ಟಿಕೆಟ್ ಬೀಳುತ್ತಿತ್ತು. ಒಂದು ಕಡೆ ತೂಕ, ಇನ್ನೊಂದು ಕಡೆ ನಮ್ಮ ಭವಿಷ್ಯ. 2004ರಲ್ಲಿ, ಮದುವೆಗೆ ಒಂದು ತಿಂಗಳು ಇರುವಾಗ ತೂಗಿಸಿಕೊಂಡ ಟಿಕೆಟ್ ನನ್ನ ಹಳೇ ಲಾಗ್ ಟೇಬಲ್ ಪುಸ್ತಕದ ಒಳಗೆ ಇನ್ನೂ ಇದೆ. 61 ಕೆಜಿ. ಹಿಂದುಗಡೆ, ನಿಮ್ಮ ಶ್ರಮಕ್ಕೆ ಬೇಗ ಫಲ ಸಿಗುತ್ತೆ ಅನ್ನೋ ಅರ್ಥದ ಒಂದು ಸಾಲು. ನನ್ನ ಮಟ್ಟಿಗೆ ನಾನು ಅಂದರೆ ಆ 61 ಕೆಜಿಯ ಮನುಷ್ಯ. ಮಿಕ್ಕಿದ್ದೆಲ್ಲ ಆಮೇಲೆ ಮೈಮೇಲೆ ಬಿದ್ದ ಸಾಲ. ವಯಸ್ಸಿಗೆ ಅಂತ ಒಂದು ಕೆಜಿ ರಿಯಾಯಿತಿ ಕೊಟ್ಟು 62 ಮಾಡಿದ್ದೆ, ಅಷ್ಟೇ.

ತೂಕ ಇಳಿಸುತ್ತೇನೆ ಅಂತ ಸ್ಟಾಫ್ ರೂಮಿನಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು. ಪಿಟಿ ಮೇಷ್ಟ್ರು ಕೂತಲ್ಲೇ ಲೆಕ್ಕ ಹಾಕಿದರು. ‘ಎತ್ತರದಲ್ಲಿ ನೂರು ಕಳೀರಿ. ಅರವತ್ತೆಂಟು. ಮುಗೀತು.’ ಇನ್‌ಶೂರೆನ್ಸ್ ಏಜೆನ್ಸಿ ಇಟ್ಟುಕೊಂಡಿರುವ ಇನ್ನೊಬ್ಬರು ಮನೆಯಿಂದ ಒಂದು ಚಾರ್ಟ್ ತಂದರು. ಜಿಮ್ಮಿನ ಹುಡುಗ ನನ್ನ ತೋಳು ಹಿಚುಕಿ ನೋಡಿ, ‘ಸಾರ್, ಹನ್ನೆರಡು ವಾರ, ಅರವತ್ತೈದಕ್ಕೆ ತರ್ತೀನಿ’ ಅಂದ. ಅಮ್ಮ ಮಾತ್ರ, ‘ಈಗ ಏನಾಗಿದೆ ನಿಂಗೆ? ಈಗ್ಲೇ ಸರಿಯಾಗಿದೀಯ’ ಅಂದಳು. ಹೆಂಡತಿ ಯಾವ ನಂಬರನ್ನೂ ಹೇಳಲಿಲ್ಲ. ‘ಮೊದ್ಲು ರಾತ್ರಿ ಎರಡನೇ ಸಲ ಅನ್ನ ಹಾಕಿಸ್ಕೊಳ್ಳೋದು ಬಿಡಿ, ಆಮೇಲೆ ಗುರಿ ನೋಡೋಣ’ ಅಂದಳು.

ಇಷ್ಟೊಂದು ಉತ್ತರ ಬಂದ ಮೇಲೆ ಲೆಕ್ಕದ ಮೇಷ್ಟ್ರಿಗೆ ಸುಮ್ಮನಿರೋಕೆ ಆಗುತ್ತಾ? ಒಂದೊಂದೂ ಎಲ್ಲಿಂದ ಬಂತು ಅಂತ ಕೆದಕಿದೆ.

ಎತ್ತರದಲ್ಲಿ ನೂರು ಕಳೆಯುವುದು ಪಾಲ್ ಬ್ರೋಕಾ ಅನ್ನುವ ಫ್ರಾನ್ಸಿನ ಸರ್ಜನ್ ಹೆಸರಿನಲ್ಲಿ ಓಡಾಡುವ ಸೂತ್ರ. ಹತ್ತೊಂಬತ್ತನೇ ಶತಮಾನದ್ದು. ಬಾಯಿಲೆಕ್ಕಕ್ಕೆ ಸುಲಭ ಅನ್ನುವುದು ಬಿಟ್ಟರೆ ಅದರಲ್ಲಿ ಇನ್ನೇನೂ ಇಲ್ಲ. ಇನ್‌ಶೂರೆನ್ಸ್ ಚಾರ್ಟಿನ ಮೂಲ ಅಮೆರಿಕದ ಮೆಟ್ರೋಪಾಲಿಟನ್ ಲೈಫ್ ಕಂಪನಿ. ಯಾವ ಎತ್ತರಕ್ಕೆ ಎಷ್ಟು ತೂಕ ಇದ್ದವರು ಜಾಸ್ತಿ ವರ್ಷ ಬದುಕಿದರು ಅಂತ ಪಾಲಿಸಿದಾರರ ಲೆಕ್ಕ ಹಿಡಿದು ಮಾಡಿದ ಪಟ್ಟಿ. 1940ರ ದಶಕದಲ್ಲಿ ಬಂತು, 1959ರಲ್ಲಿ ಬದಲಾಯಿತು, 1983ರಲ್ಲಿ ಮತ್ತೆ ಬದಲಾಯಿತು. ಅಷ್ಟು ವರ್ಷದ ಹಿಂದೆ ಅಮೆರಿಕದಲ್ಲಿ ಪಾಲಿಸಿ ಮಾಡಿಸುವಷ್ಟು ದುಡ್ಡಿದ್ದವರ ಪಟ್ಟಿಯಲ್ಲಿ ತಿಪಟೂರಿನ ಮುದ್ದೆ ಉಂಡವನ ಉತ್ತರ ಹುಡುಕಬೇಕು.

ಉಳಿದದ್ದು ಎಲ್ಲರೂ ಹೇಳುವ ಬಿಎಂಐ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವುದು. ನನ್ನದು 86.4ನ್ನು 1.68ರ ವರ್ಗದಿಂದ ಭಾಗಿಸಿದರೆ 30.6. ಈ ಸೂತ್ರ ಕೊಟ್ಟವನು ಡಾಕ್ಟರೇ ಅಲ್ಲ ಅಂತ ಓದಿದಾಗ ನನಗೆ ಖುಷಿಯಾಯಿತು. ಅಡಾಲ್ಫ್ ಕೆಟ್ಲೆ ಅಂತ ಬೆಲ್ಜಿಯಂನವನು, ಗಣಿತ ಮತ್ತು ಖಗೋಳ ಓದಿದವನು. 1830ರ ದಶಕದಲ್ಲಿ ‘ಸರಾಸರಿ ಮನುಷ್ಯ’ ಹೇಗಿರುತ್ತಾನೆ ಅಂತ ಲೆಕ್ಕ ಹಾಕಲು ಹೊರಟು, ದೊಡ್ಡವರ ತೂಕ ಹೆಚ್ಚುಕಮ್ಮಿ ಎತ್ತರದ ವರ್ಗದ ಹಾಗೆ ಏರುತ್ತೆ ಅಂತ ಕಂಡುಕೊಂಡ. ಬಿಎಂಐ ಅನ್ನುವ ಹೆಸರು 1972ರಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಇಟ್ಟದ್ದು. ಒಂದು ಗುಂಪನ್ನು ಇನ್ನೊಂದು ಗುಂಪಿನ ಜತೆ ಹೋಲಿಸಲು ಚೆನ್ನಾಗಿರುವ ಅಳತೆ. ಸರಾಸರಿ 48 ಅಂಕ ಬಂದ ಕ್ಲಾಸಿನಲ್ಲಿ 48 ತೆಗೆದ ಹುಡುಗ ಒಬ್ಬನೂ ಇಲ್ಲದೇ ಇರಬಹುದು ಅಂತ ವರ್ಷವರ್ಷ ಬೋರ್ಡಿನ ಮೇಲೆ ಬರೆಯುವವನು ನಾನು. ನನ್ನ ಹೊಟ್ಟೆ ವಿಷಯ ಬಂದಾಗ ಅದು ಮರೆತೇ ಹೋಗಿತ್ತು.

ಪೇಪರ್ ತೆಗೆದು ಹಿಂದಿನಿಂದ ಲೆಕ್ಕ ಮಾಡಿದೆ. 18.5ರಿಂದ 24.9ರ ತನಕ ಸರಿ ಅನ್ನುತ್ತಾರಲ್ಲ, ನನ್ನ ಎತ್ತರಕ್ಕೆ ಅದು 52ರಿಂದ 70 ಕೆಜಿ. ಹದಿನೆಂಟು ಕೆಜಿ ಅಗಲದ ಬಾಗಿಲು! ಅಷ್ಟರ ಒಳಗೆ ಎಲ್ಲಿ ನಿಲ್ಲಬೇಕು ಅಂತ ಸೂತ್ರ ಹೇಳುವುದಿಲ್ಲ. ಅದರ ಮೇಲೆ ನಮ್ಮ ದೇಶದವರಿಗೆ ಬೇರೆ ಗೆರೆ. 2009ರಲ್ಲಿ ಭಾರತದ ವೈದ್ಯರು ಕೂತು, ನಮ್ಮವರಿಗೆ 23ಕ್ಕೇ ತೂಕ ಜಾಸ್ತಿ, 25ಕ್ಕೇ ಬೊಜ್ಜು ಅಂತ ಇಟ್ಟುಕೊಳ್ಳೋಣ ಅಂದರು. ಆ ಲೆಕ್ಕದಲ್ಲಿ ನಾನು 64.6ಕ್ಕಿಂತ ಮೇಲೆ ಹೋಗಬಾರದು.

ನಮಗೆ ಯಾಕೆ ಈ ಪಕ್ಷಪಾತ ಅಂತ ಸಿಟ್ಟು ಬಂದಿತ್ತು. ಡಾಕ್ಟರ ಹತ್ತಿರ ಕೇಳಿದಾಗ ಅವರು ಒಂದು ಫೋಟೋದ ಕಥೆ ಹೇಳಿದರು. 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರು ಅಕ್ಕಪಕ್ಕ ನಿಂತ ಚಿತ್ರ ಬಂದಿತ್ತಂತೆ. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಕೂಡ 22.3. ಇಬ್ಬರೂ ನೋಡೋಕೆ ತೆಳ್ಳಗೆ. ಆದರೆ ಮೈಯೊಳಗಿನ ಕೊಬ್ಬು ಅಳೆದರೆ ಯುಡ್ಕಿನ್ ಅವರದು ಶೇಕಡ 9.1, ಯಾಜ್ಞಿಕ್ ಅವರದು ಶೇಕಡ 21.2. ಒಂದೇ ತೂಕದಲ್ಲಿ ನಮ್ಮವರ ಮೈಯಲ್ಲಿ ಮಾಂಸಖಂಡ ಕಮ್ಮಿ, ಕೊಬ್ಬು ಜಾಸ್ತಿ, ಅದೂ ಹೊಟ್ಟೆಯ ಸುತ್ತ. ‘ಅದಕ್ಕೇ ತಕ್ಕಡಿಗಿಂತ ಟೇಪ್ ಹಿಡೀರಿ’ ಅಂದರು.

ಟೇಪಾ? ನನಗೆ ಅದರ ಭಯ ಇರಲಿಲ್ಲ. ನನ್ನ ಪ್ಯಾಂಟ್ ಸೈಜು ಹತ್ತು ವರ್ಷದಿಂದ 36. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಮನೆಗೆ ಬಂದು ಹೆಂಡತಿಯ ಹೊಲಿಗೆ ಟೇಪ್ ತೆಗೆದುಕೊಂಡು ಅವಳ ಕೈಗೇ ಕೊಟ್ಟೆ. ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಇಡಬೇಕು, ಉಸಿರು ಸಹಜವಾಗಿ ಬಿಟ್ಟು ನಿಲ್ಲಬೇಕು, ಒಳಗೆ ಎಳೆದುಕೊಳ್ಳಬಾರದು. ನಾನು ಎಳೆದುಕೊಂಡೆ. ‘ಬಿಡ್ರೀ’ ಅಂದಳು. ಬಿಟ್ಟೆ. 104 ಸೆಂಟಿಮೀಟರ್. ಅಂದರೆ 41 ಇಂಚು! ಹತ್ತು ವರ್ಷದಿಂದ ನನ್ನ ಪ್ಯಾಂಟು ದಪ್ಪವಾಗಿರಲಿಲ್ಲ, ಹೊಟ್ಟೆ ಬೆಳೆದ ಹಾಗೆಲ್ಲ ಕೆಳಗೆ ಜಾರಿಕೊಂಡು ಹೋಗಿತ್ತು. ನಮ್ಮ ಗಂಡಸರಿಗೆ 90ರ ಒಳಗೆ ಇರಬೇಕು. ಎತ್ತರದ ಅರ್ಧಕ್ಕಿಂತ ಕಮ್ಮಿ ಇದ್ದರೆ ಇನ್ನೂ ಒಳ್ಳೆಯದು, ನನಗೆ ಅದು 84. ಹೆಂಡತಿ ಟೇಪ್ ಸುತ್ತಿಡುತ್ತಾ, ‘ನನ್ನ ಬ್ಲೌಸ್ ಟೇಪೇ ಸಾಲ್ದೇ ಹೋಗುತ್ತೇನೋ ಅಂದ್ಕೊಂಡೆ’ ಅಂದಳು. ಆ ಮಾತು ಅವತ್ತು ನಗು ತರಿಸಲಿಲ್ಲ.

ಇಳಿಸಿದ್ದು ಹೇಗೆ ಅನ್ನುವುದನ್ನು ಜಾಸ್ತಿ ಹೇಳುವುದಿಲ್ಲ, ಅದರಲ್ಲಿ ಹೊಸದೇನೂ ಇಲ್ಲ. ರಾತ್ರಿ ಅನ್ನ ಅರ್ಧಕ್ಕೆ ಬಂತು. ಸ್ಟಾಫ್ ರೂಮಿನ ಬೋಂಡಾ ಬಿಟ್ಟೆ. ಟೀಗೆ ಸಕ್ಕರೆ ಬಿಟ್ಟೆ. ಸಂಜೆ ನಲವತ್ತು ನಿಮಿಷ ನಡೆದೆ. ಮಧ್ಯಾಹ್ನದ ಮುದ್ದೆ ಬಿಡಲಿಲ್ಲ, ಎರಡರ ಬದಲು ಒಂದಾಯಿತು, ಬಸ್ಸಾರಿನ ಸೊಪ್ಪು ಕಾಳು ಜಾಸ್ತಿಯಾಯಿತು.

ಮೊದಲ ವಾರದಲ್ಲೇ 2.3 ಕೆಜಿ ಇಳಿಯಿತು. ನಾನು ಕುಣಿದಾಡಿಬಿಟ್ಟೆ. ಬಾಮೈದನ ಕೊಬ್ಬರಿ ಮಂಡಿಗೆ ಹೋಗಿ ಹೇಳಿಕೊಂಡೆ. ಅವನು ಕೊಬ್ಬರಿ ಆರಿಸುತ್ತಲೇ, ‘ಭಾವ, ಅದು ನೀರು’ ಅಂದ. ‘ಹಸಿ ಕಾಯಿ ಅಟ್ಟಕ್ಕೆ ಹಾಕಿದ್ರೆ ಮೊದ್ಲು ಇಳಿಯೋದು ನೀರಿನ ತೂಕನೇ. ತಿರುಳು ಬಿಟ್ಕೊಂಡು ಒಳಗೆ ಗುಡುಗುಡು ಅನ್ನೋಕೆ ವರ್ಷ ಬೇಕು.’ ಮೈಗೂ ಅದೇ ಮಾತು ಅಂತ ಆಮೇಲೆ ಗೊತ್ತಾಯಿತು. ಊಟ ಕಮ್ಮಿ ಮಾಡಿದಾಗ ಮೈ ಮೊದಲು ಖರ್ಚು ಮಾಡುವುದು ಗ್ಲೈಕೋಜನ್, ಅಂದರೆ ಮೈ ಕೂಡಿಟ್ಟ ಸಕ್ಕರೆ. ಅದರ ಒಂದು ಗ್ರಾಂ ಜತೆಗೆ ಸುಮಾರು ಮೂರು ಗ್ರಾಂ ನೀರು ಇರುತ್ತೆ, ಅದೂ ಹೋಗುತ್ತೆ. ಒಂದು ಮದುವೆ ಊಟ ಮಾಡಿದ ಮರುದಿನ 1.4 ಕೆಜಿ ಏರಿದ್ದೂ ಇದೇ ನೀರು, ಉಪ್ಪಿನ ಕಾರಣಕ್ಕೆ. ಅವತ್ತಿಂದ ಒಂದು ದಿನದ ತೂಕಕ್ಕೆ ಬೆಲೆ ಕೊಡುವುದು ಬಿಟ್ಟೆ. ಬೆಳಿಗ್ಗೆ ಕಕ್ಕಸಿಗೆ ಹೋಗಿ ಬಂದ ಮೇಲೆ, ಒಂದೇ ಟೈಲ್ಸ್ ಮೇಲೆ ಮಷೀನು ಇಟ್ಟು ತೂಗುವುದು, ಗೋಡೆ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯುವುದು, ಭಾನುವಾರ ಏಳು ದಿನದ ಸರಾಸರಿ ತೆಗೆಯುವುದು. ಈ ಕ್ಯಾಲೆಂಡರು ಮುಂದೆ ಕೆಲಸಕ್ಕೆ ಬಂತು.

2023ರ ಸಂಕ್ರಾಂತಿ ಹೊತ್ತಿಗೆ 79. ಮತ್ತೆ ರಕ್ತ ಕೊಟ್ಟೆ. 6.1 ಇದ್ದದ್ದು 5.7ಕ್ಕೆ ಬಂದಿತ್ತು. ನನಗೆ ಆಶ್ಚರ್ಯ. ಗುರಿಗೆ ಇನ್ನೂ ಹದಿನೇಳು ಕೆಜಿ ಬಾಕಿ ಇರುವಾಗಲೇ ರಕ್ತ ಅರ್ಧ ದಾರಿಗಿಂತ ಜಾಸ್ತಿ ಬಂದಿದೆ! ಡಾಕ್ಟರು ಆರು ಕೆಜಿ ಅಂದದ್ದರ ಗುಟ್ಟನ್ನು ಆಗ ಬಿಡಿಸಿ ಹೇಳಿದರು. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ನನ್ನ ಹಾಗೆ ಗಡಿಯಲ್ಲಿ ಇದ್ದವರಿಗೆ ಕೊಟ್ಟ ಗುರಿ ಮೈತೂಕದ ಶೇಕಡ 7 ಇಳಿಸುವುದು, ವಾರಕ್ಕೆ 150 ನಿಮಿಷ ನಡೆಯುವುದು. ಅಷ್ಟಕ್ಕೇ ಸಕ್ಕರೆ ಕಾಯಿಲೆಗೆ ಬೀಳುವವರು ಶೇಕಡ 58ರಷ್ಟು ಕಮ್ಮಿಯಾದರು. 86.4ರ ಶೇಕಡ 7 ಅಂದರೆ ಆರು. ಇನ್ನೂ ಮಜಾ ಅಂದರೆ 2006ರಲ್ಲಿ ಚೆನ್ನೈನವರು ಮಾಡಿದ್ದು. ಅಲ್ಲಿ ಊಟ ಓಡಾಟ ಸರಿ ಮಾಡಿಕೊಂಡವರ ತೂಕ ಇಳಿಯಲೇ ಇಲ್ಲ ಅನ್ನಬಹುದು, ಆದರೂ ಕಾಯಿಲೆ ಶೇಕಡ 28ರಷ್ಟು ಕಮ್ಮಿಯಾಯಿತು.

ಅಲ್ಲಿಗೆ ನಿಲ್ಲಿಸಿ ಯೋಚಿಸಬೇಕಿತ್ತು, ಅಲ್ವಾ? ಇಲ್ಲ. ನನ್ನ ತಲೆಯಲ್ಲಿ ಅರಸೀಕೆರೆ ಟಿಕೆಟ್ ಕೂತಿತ್ತು.

ಜೂನ್‌ನಲ್ಲಿ ಶಾಲೆ ಶುರುವಾದಾಗ 74.2. ಅದು ಒಳ್ಳೇ ಕಾಲ. ಮೂರನೇ ಮಹಡಿಯ ಹತ್ತನೇ ಕ್ಲಾಸಿಗೆ ಏದುಸಿರಿಲ್ಲದೆ ಹತ್ತುತ್ತಿದ್ದೆ. ಗೊರಕೆ ನಿಂತಿದೆ ಅಂತ ಮನೆಯಲ್ಲಿ ಸರ್ಟಿಫಿಕೇಟ್ ಸಿಕ್ಕಿತು. ಹಳೇ ಶರ್ಟುಗಳ ಗುಂಡಿ ಹೊಟ್ಟೆಯ ಹತ್ತಿರ ಬಾಯಿ ಬಿಡುತ್ತಿರಲಿಲ್ಲ. ಭಾನುವಾರ ಕೆ.ಬಿ. ಕ್ರಾಸಿಗೆ ಹೋಗಿ ಎರಡು ತಟ್ಟೆ ಇಡ್ಲಿ ತಿಂದರೂ ವಾರದ ಸರಾಸರಿ ಅಲ್ಲಾಡುತ್ತಿರಲಿಲ್ಲ. ಆದರೆ ಕೆಳಗೂ ಹೋಗುತ್ತಿರಲಿಲ್ಲ. ಐದು ವಾರ ಅಲ್ಲೇ ನಿಂತಿತು. ಆಪ್ ದಿನಾ ಕೆಂಪು ಅಕ್ಷರದಲ್ಲಿ ‘ನೀವು ಗುರಿಗಿಂತ 12 ಕೆಜಿ ಹಿಂದಿದ್ದೀರಿ’ ಅನ್ನುತ್ತಿತ್ತು. ಹನ್ನೆರಡು ಕೆಜಿ ಇಳಿಸಿದ್ದೀರಿ ಅಂತ ಒಂದು ದಿನವೂ ಅನ್ನಲಿಲ್ಲ.

ಹಟಕ್ಕೆ ಬಿದ್ದೆ. ಮುದ್ದೆ ಅರ್ಧವಾಯಿತು. ರಾತ್ರಿ ಬರೀ ಸೌತೆಕಾಯಿ, ಮಜ್ಜಿಗೆ. ತಟ್ಟೆ ಇಡ್ಲಿ ಬಂದ್. ನಡಿಗೆ ಎರಡು ಹೊತ್ತಾಯಿತು. ಮೈ ಸಣ್ಣಗಾದಷ್ಟೂ ಅದರ ಖರ್ಚು ಕಮ್ಮಿಯಾಗುತ್ತೆ, ಹಸಿವು ಮಾತ್ರ ಜಾಸ್ತಿಯಾಗುತ್ತೆ. ಇದನ್ನು ಪುಸ್ತಕದಲ್ಲಿ ಓದುವುದು ಬೇರೆ, ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯ ಡಬ್ಬಿಗಳ ಮುಂದೆ ನಿಂತು ತಿಳಿಯುವುದು ಬೇರೆ. ಬೋರ್ಡಿನ ಮೇಲೆ ಕೈವಾರದಲ್ಲಿ ವೃತ್ತ ಎಳೆದಾಗ ನನಗೆ ಹೋಳಿಗೆ ಕಾಣುತ್ತಿತ್ತು. ಮಕ್ಕಳ ಮೇಲೆ ರೇಗುತ್ತಿದ್ದೆ. ಆಷಾಢದ ಗಾಳಿಗೆ ಯಾರಿಗೂ ಆಗದ ಚಳಿ ನನಗೆ ಆಗುತ್ತಿತ್ತು.

ಊರಿನವರ ಮಾತೂ ಬದಲಾಯಿತು. ಜೂನ್‌ನಲ್ಲಿ ‘ಏನ್ ಮೇಷ್ಟ್ರೇ, ಹುಡುಗನ ಥರ ಆಗಿದೀರಿ’ ಅಂದವರೇ ಆಗಸ್ಟಿನಲ್ಲಿ ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, ‘ಶುಗರ್ ಬಂತಾ?’ ಅಂತ ಕೇಳತೊಡಗಿದರು. ಶುಗರ್ ಬರಬಾರದು ಅಂತ ಇಳಿಸಿದ್ದು ಅಂದರೆ ನಂಬುವವರು ಯಾರು? ಒಬ್ಬರು ಅಮೃತಬಳ್ಳಿ ಎಲೆ ತಂದುಕೊಟ್ಟರು. ಅಮ್ಮ ನನ್ನ ಕೆನ್ನೆ ಸವರಿ ನೋಡಿ, ‘ಯಾರ ಕಣ್ಣು ಬಿತ್ತೋ’ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು.

ಗಣೇಶನ ಹಬ್ಬದ ಹಿಂದಿನ ವಾರದ ಸರಾಸರಿ 69.8. ಎಪ್ಪತ್ತರ ಒಳಗೆ! ಆ ವಾರವೇ ಗ್ಯಾಸ್ ಬಂತು.

ನಮ್ಮದು ಮಹಡಿ ಮನೆ. ಹದಿನೆಂಟು ಮೆಟ್ಟಿಲು. ಸಿಲಿಂಡರ್ ತರುವ ಹುಡುಗ ಅವತ್ತು ಅವಸರದಲ್ಲಿ ಗೇಟಿನ ಒಳಗೆ ಇಟ್ಟು ಹೋಗಿದ್ದ. ಒಳಗೆ 14.2 ಕೆಜಿ ಗ್ಯಾಸ್, ಕಬ್ಬಿಣದ ತೂಕ ಸೇರಿ ಮೂವತ್ತರ ಹತ್ತಿರ. 86 ಕೆಜಿ ಇದ್ದಾಗಲೂ ನಾನು ಅದನ್ನು ಹೆಗಲಿಗೆ ಹಾಕಿ, ಮೇಲೆ ಹೋಗಿ ಐದು ನಿಮಿಷ ಕೂತು ಏದುಸಿರು ಬಿಟ್ಟರೂ, ಹತ್ತಿಸುತ್ತಿದ್ದೆ. ಅವತ್ತು ಮೊಣಕಾಲಿನ ತನಕ ಎತ್ತಿದೆ. ಅಲ್ಲಿಂದ ಹೆಗಲಿಗೆ ಬರಲಿಲ್ಲ. ಇನ್ನೊಂದು ಸಲ ಎತ್ತಿದೆ. ತೋಳು ನಡುಗಿತು. ನಾಲ್ಕನೇ ಮೆಟ್ಟಿಲಿನ ತನಕ ಒಂದೊಂದೇ ಮೆಟ್ಟಿಲಿಗೆ ಕುಕ್ಕಿ ಕುಕ್ಕಿ ಏರಿಸಿ ಕೂತುಬಿಟ್ಟೆ. ಸದ್ದು ಕೇಳಿ ಮಗಳು ಬಂದಳು. ಪಿಯುಸಿ ಓದುವ ಹುಡುಗಿ. ‘ಅಪ್ಪ, ಒಂದು ಕಡೆ ನಾನು ಹಿಡ್ಕೋತೀನಿ’ ಅಂದಳು. ಇಬ್ಬರೂ ಸೇರಿ ಹತ್ತಿಸಿದೆವು. ಭಾರದ ಜಾಸ್ತಿ ಪಾಲು ಅವಳ ಕಡೆಯೇ ಇತ್ತು.

ಇಳಿದದ್ದು ಬರೀ ಕೊಬ್ಬಲ್ಲ ಅಂತ ಹೇಳೋಕೆ ಇದಕ್ಕಿಂತ ಬೇರೆ ಟೆಸ್ಟ್ ಬೇಕಾ? ಊಟ ಕಡಿದು, ಬರೀ ನಡೆದು, ಭಾರ ಎತ್ತುವ ಕೆಲಸ ಒಂದೂ ಮಾಡದೆ ಇಳಿಸಿದರೆ ಮಾಂಸಖಂಡವೂ ಕರಗುತ್ತೆ. ನಮ್ಮವರಲ್ಲಿ ಮೊದಲೇ ಕಮ್ಮಿ ಇರುವುದು ಅದು. ಇದ್ದ ಚೂರುಪಾರನ್ನೂ ನಾನು ಸೌತೆಕಾಯಿಗೆ ಮಾರಿದ್ದೆ.

ಅವತ್ತು ರಾತ್ರಿ ಲಾಗ್ ಟೇಬಲ್ ಪುಸ್ತಕದಿಂದ ಟಿಕೆಟ್ ತೆಗೆದು ಹೆಂಡತಿಗೆ ತೋರಿಸಿದೆ. ‘ನೋಡು, ಆಗ ಅರವತ್ತೊಂದು ಇದ್ದೆ, ಎಷ್ಟು ಗಟ್ಟಿಯಾಗಿದ್ದೆ.’ ಅವಳು ಟಿಕೆಟ್ ನೋಡಲೇ ಇಲ್ಲ. ‘ಗಟ್ಟಿ? ಆಗ ನಿಮಗೆ ಕಾಮಾಲೆ ಆಗಿ ಎರಡು ತಿಂಗಳಾಗಿತ್ತು. ಹುಡುಗಿ ನೋಡೋಕೆ ಬಂದಾಗ ಕೆನ್ನೆ ಒಳಗೆ ಹೋಗಿತ್ತು. ನಮ್ಮಪ್ಪ ನಿಮ್ಮೂರಿಗೆ ಬಂದು, ಹುಡುಗನಿಗೆ ಏನಾದ್ರೂ ದೊಡ್ಡ ಕಾಯಿಲೆ ಇದೆಯಾ ಅಂತ ಮೂರು ಮನೇಲಿ ವಿಚಾರಿಸಿದ್ರು ಗೊತ್ತಾ?’

ಹತ್ತೊಂಬತ್ತು ವರ್ಷ ಈ ವಿಷಯ ನನಗೆ ಗೊತ್ತಿರಲಿಲ್ಲ. ಕಾಮಾಲೆ ಆಗಿದ್ದು ನೆನಪಿತ್ತು. ಆದರೆ ಅದಕ್ಕೂ ಟಿಕೆಟ್ಟಿಗೂ ಗಂಟು ಹಾಕಿರಲಿಲ್ಲ. ಅದೂ ಅಲ್ಲದೆ ಆಗ ದಿನಾ ಸೈಕಲ್ಲಿನಲ್ಲಿ ಹದಿನೆಂಟು ಕಿಲೋಮೀಟರ್ ಶಾಲೆಗೆ ಹೋಗಿ ಬರುತ್ತಿದ್ದೆ, ಮೆಸ್ಸಿನ ಊಟ ಅರ್ಧ ಬಿಟ್ಟು ಏಳುತ್ತಿದ್ದೆ. ಒಂದು ವರ್ಷದಿಂದ ನಾನು ಬೆನ್ನಟ್ಟಿದ್ದು ಕಾಯಿಲೆಯಿಂದ ಎದ್ದ ಒಬ್ಬ ಹುಡುಗನ ತೂಕವನ್ನು.

ಮಾರನೇ ದಿನ ಹಬ್ಬದ ಕಡುಬು ತಿಂದೆ. ಎಷ್ಟು ಅಂತ ಕೇಳಬೇಡಿ. ದಸರಾ, ದೀಪಾವಳಿ, ಬಾಮೈದನ ಮಗಳ ಮದುವೆ ಎಲ್ಲ ಸಾಲಾಗಿ ಬಂದವು. ಸಂಕ್ರಾಂತಿಯ ಹೊತ್ತಿಗೆ 76.1. ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಇನ್ನು ಎಂಬತ್ತಾರಕ್ಕೇ ಹೋಗಿ ನಿಲ್ಲುತ್ತೇನೋ ಅಂತ. ಹೋಗಲಿಲ್ಲ. ಹಳೇ ಊಟ, ಹಳೇ ನಲವತ್ತು ನಿಮಿಷದ ನಡಿಗೆಗೆ ಬಂದ ಕೂಡಲೇ ತಾನಾಗಿ ಎಪ್ಪತ್ನಾಲ್ಕರ ಸುತ್ತ ಬಂದು ಕೂತಿತು.

ಆಗ ಹಳೇ ಕ್ಯಾಲೆಂಡರುಗಳನ್ನು ಇಳಿಸಿ ನೆಲದ ಮೇಲೆ ಹರಡಿಕೊಂಡು ಕೂತೆ. ಈ ಸಲ ಗುರಿಯನ್ನು ಹೊರಗೆ ಹುಡುಕಬಾರದು ಅಂತ ತೀರ್ಮಾನ ಮಾಡಿದ್ದೆ. ಮೂರು ಪ್ರಶ್ನೆ ಇಟ್ಟುಕೊಂಡೆ. ಆ ವಾರ ಹಸಿದುಕೊಂಡು ಮಲಗಿದ್ದೆನಾ? ಆ ವಾರ ಯಾರ ಮನೆಯ ಊಟಕ್ಕಾದರೂ ಸುಳ್ಳು ಹೇಳಿ ತಪ್ಪಿಸಿಕೊಂಡಿದ್ದೆನಾ? ಆ ವಾರ ಮೈಯಲ್ಲಿ ಕಸುವು ಇತ್ತಾ? ಮೊದಲೆರಡಕ್ಕೆ ಇಲ್ಲ, ಮೂರನೆಯದಕ್ಕೆ ಹೌದು ಅನ್ನುವ ವಾರಗಳಿಗೆ ಹಸಿರು ಪೆನ್ನಿನಲ್ಲಿ ಗುರುತು ಹಾಕಿದೆ. 19 ವಾರ ಸಿಕ್ಕವು. ಅವುಗಳ ತೂಕವನ್ನು ಏರಿಕೆ ಕ್ರಮದಲ್ಲಿ ಬರೆದೆ. ಅತಿ ಕಮ್ಮಿ 72.8, ಅತಿ ಜಾಸ್ತಿ 75.6. ಹತ್ತೊಂಬತ್ತರಲ್ಲಿ ಮಧ್ಯಾಂಕ ಹತ್ತನೆಯದು. ಹತ್ತನೆಯದು 74.1. ಒಂಬತ್ತನೇ ಕ್ಲಾಸಿನ ಲೆಕ್ಕ. ಒಂದೂವರೆ ವರ್ಷದ ಪ್ರಶ್ನೆಗೆ ಇಪ್ಪತ್ತು ನಿಮಿಷದಲ್ಲಿ ಉತ್ತರ ಬಂತು.

74 ಅಂತ ಒಂದೇ ಚುಕ್ಕೆ ಇಟ್ಟುಕೊಂಡರೆ ಮತ್ತೆ ಆಪಿನ ಕಾಟವೇ. ಅದಕ್ಕೆ 73ರಿಂದ 75 ಅಂತ ಓಣಿ ಮಾಡಿಕೊಂಡೆ. ವಾರದ ಸರಾಸರಿ ಸತತ ಎರಡು ವಾರ 75 ದಾಟಿದರೆ ರಾತ್ರಿ ಅನ್ನಕ್ಕೆ ಕೈ ಹಾಕುತ್ತೇನೆ. 73ಕ್ಕಿಂತ ಕೆಳಗೆ ಹೋದರೆ ಕೆ.ಬಿ. ಕ್ರಾಸ್ ದಾರಿ ಹಿಡಿಯುತ್ತೇನೆ. ಎರಡನೇ ನಿಯಮ ಹೆಂಡತಿಗೆ ಅಷ್ಟು ಇಷ್ಟ ಇಲ್ಲ, ಅದು ಮಾತ್ರ ತುಂಬಾ ಶಿಸ್ತಿನಿಂದ ಪಾಲಿಸುತ್ತೀರಿ ಅನ್ನುತ್ತಾಳೆ.

ಇದನ್ನು ಡಾಕ್ಟರ ಮುಂದೆ ಇಟ್ಟೆ, ಸ್ವಲ್ಪ ಅಳುಕಿನಿಂದಲೇ. ಯಾಕೆಂದರೆ 74ಕ್ಕೆ ನನ್ನ ಬಿಎಂಐ 26.2. ನಮ್ಮ ದೇಶದ ಗೆರೆಯಲ್ಲಿ ನಾನು ಈಗಲೂ ‘ಬೊಜ್ಜು’. ಅವರು ಒಪ್ಪಿಕೊಂಡರು, ಆದರೆ ಪೂರ್ತಿ ಅಲ್ಲ. ರಕ್ತ 5.6, ಬಿಪಿ 126/82, ಅದಕ್ಕೆ ತಕರಾರಿಲ್ಲ. ಸೊಂಟ 93 ಇತ್ತು. ‘ತೂಕ ಅಲ್ಲೇ ಇರ್ಲಿ ಮೇಷ್ಟ್ರೇ, ಸೊಂಟ 90ರ ಕೆಳಗೆ ಬರ್ಲಿ’ ಅಂದರು. ತೂಕ ಇಳಿಯದೆ ಸೊಂಟ ಇಳಿಯುವುದು ಹೇಗೆ ಅಂದರೆ, ಕೊಬ್ಬು ಹೋದ ಜಾಗಕ್ಕೆ ಮಾಂಸಖಂಡ ಬರಬೇಕು. ಸಕ್ಕರೆ ಮಾತ್ರೆ ಶುರುವಾಗಿದ್ದರೆ, ಮೊಣಕಾಲು ಹಾಳಾಗಿದ್ದರೆ ಬೇರೆ ಮಾತು ಹೇಳುತ್ತಿದ್ದೆ ಅಂತಲೂ ಅಂದರು. ಹಾಗಾಗಿ ನನ್ನ 74ನ್ನು ಯಾರೂ ಕಾಪಿ ಹೊಡೆಯಬೇಡಿ.

ಈಗ ವಾರಕ್ಕೆ ಮೂರು ದಿನ ಬೆಳಿಗ್ಗೆ ಎರಡು ಹಳೇ ಪೇಂಟ್ ಡಬ್ಬಕ್ಕೆ ಮರಳು ತುಂಬಿ ಎತ್ತುತ್ತೇನೆ. ಮಗಳು ಎಣಿಸುತ್ತಾಳೆ, ಹತ್ತು ಅಂದಮೇಲೂ ಎರಡು ಜಾಸ್ತಿ ಮಾಡಿಸುತ್ತಾಳೆ. ಮಧ್ಯಾಹ್ನ ಮುದ್ದೆ ಜತೆ ಮೊಟ್ಟೆಯೋ ಹೆಸರುಕಾಳೋ ಇರುತ್ತೆ. ಸೊಂಟ 91ಕ್ಕೆ ಬಂದಿದೆ. 84 ಈ ಜನ್ಮದಲ್ಲಿ ನನಗೆ ಅನುಮಾನ. ಆಪ್ ಅನ್ನು ಅಳಿಸಿ ಹಾಕಿದೆ. ಅಳಿಸುವ ಮುಂಚೆ ಗುರಿಯ ಚೌಕಕ್ಕೆ ಹೋಗಿ 74 ಅಂತ ಬರೆದೆ. ‘ಸೂಪರ್’ ಅಂತು.

ಹೋದ ತಿಂಗಳು ಬಾಮೈದನ ಮಂಡಿಗೆ ಹೋಗಿದ್ದೆ. ಹರಾಜಿನ ದಿನ, ಕೊಬ್ಬರಿ ಚೀಲಗಳನ್ನು ಕಾಟಾ ಮೇಲೆ ಇಟ್ಟು ಇಳಿಸುತ್ತಿದ್ದರು. ಒಂದು ಚೀಲ ಇಳಿದು ಇನ್ನೊಂದು ಬರುವಷ್ಟರಲ್ಲಿ ನಾನೇ ಹತ್ತಿ ನಿಂತೆ. 76.3. ತಟ್ಟೆ ಇಡ್ಲಿ ತಿಂದು, ಬಟ್ಟೆ ಬೂಟು ಹಾಕಿಕೊಂಡು, ಜೇಬಿನಲ್ಲಿ ಬೀಗದ ಗೊಂಚಲು ಇಟ್ಟುಕೊಂಡು. ಬಾಮೈದ ತಲೆ ಎತ್ತದೆ ಪುಸ್ತಕದಲ್ಲಿ ಬರೆದುಬಿಟ್ಟಿದ್ದ. ಹಮಾಲಿಯವರು ನಗುವುದು ಕೇಳಿ ಮೇಲೆ ನೋಡಿದ.

‘ಎಷ್ಟು ಕಳೀಲಿ ಭಾವ?’ ಅಂದ, ‘ಚೀಲದ ತೂಕ?’

‘ಎರಡು ಕಳಿ’ ಅಂದೆ.